ಅಡುಗೆಮನೆಯಿಂದ ಎದ್ದ ಬಿಯರ್ ಬಂಡಾಯ

1978ರ ಅಕ್ಟೋಬರ್ 14ರಂದು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಂದು ಮಸೂದೆಗೆ ಅಂಕಿತ ಹಾಕಿದರು. ಮೇಲ್ನೋಟಕ್ಕೆ ಅದು ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಮೇಲಿನ ಸುಂಕಕ್ಕೆ ಸಂಬಂಧಿಸಿದ್ದು. ಆದರೆ ಕ್ಯಾಲಿಫೋರ್ನಿಯಾದ ಸೆನೆಟರ್ ಅಲನ್ ಕ್ರಾನ್‌ಸ್ಟನ್ ಅದಕ್ಕೊಂದು ಪುಟ್ಟ ತಿದ್ದುಪಡಿ ಸೇರಿಸಿದ್ದರು. ಅದರ ಪ್ರಕಾರ ವಯಸ್ಕನೊಬ್ಬ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್ ಬಿಯರನ್ನು ಸುಂಕವಿಲ್ಲದೆ ಮನೆಯಲ್ಲೇ ಸ್ವಂತಕ್ಕೆ ತಯಾರಿಸಿಕೊಳ್ಳಬಹುದಿತ್ತು. ಇಬ್ಬರು ವಯಸ್ಕರಿರುವ ಮನೆಗೆ ಇದರ ಎರಡರಷ್ಟು. ಇಂದು ‘ಕ್ರಾಫ್ಟ್ ಬಿಯರ್’ ಎಂದು ಹೆಸರಾಗಿರುವ ಪಾನೀಯದ ಬೇರುಗಳಲ್ಲೊಂದು ಈ ತಿದ್ದುಪಡಿಯಲ್ಲಿದೆ.

ಮನೆಯಲ್ಲಿ ಬಿಯರ್ ಮಾಡುವುದು ಅಪರಾಧವಾಗಿದ್ದಾದರೂ ಏಕೆ? 1920ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂತು. 1933ರಲ್ಲಿ ಅದು ತೆರವಾದಾಗ ಮನೆಬಳಕೆಗೆ ದ್ರಾಕ್ಷಾರಸ ತಯಾರಿಸಲು ಅವಕಾಶ ದೊರೆಯಿತೇ ಹೊರತು ಬಿಯರಿಗೆ ದೊರೆಯಲಿಲ್ಲ. ಇತ್ತ ಪಾನನಿಷೇಧದ ಹೊಡೆತಕ್ಕೆ ಊರೂರಿನ ಸಣ್ಣ ಬ್ರುವರಿಗಳು ಮುಚ್ಚಿಹೋಗಿದ್ದವು. ಉಳಿದವುಗಳನ್ನು ದೊಡ್ಡ ಕಂಪೆನಿಗಳು ಒಂದೊಂದಾಗಿ ನುಂಗಿದವು. 1870ರ ದಶಕದಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿದ್ದ ಬ್ರುವರಿಗಳ ಸಂಖ್ಯೆ ಒಂದು ಶತಮಾನ ಕಳೆಯುವುದರೊಳಗೆ ನೂರಕ್ಕಿಂತ ಕೆಳಗಿಳಿಯಿತು. ಎಲ್ಲಿ ಹೋದರೂ ಅದೇ ತೆಳು ಹಳದಿ ಬಣ್ಣದ, ಅದೇ ಸಪ್ಪೆ ರುಚಿಯ ಬಿಯರ್!

ಕಲಿಯುವವರ ಕಾಲ

ಬಿಯರಿಗೆ ಬೇಕಾದ ಮುಖ್ಯ ವಸ್ತುಗಳು ನಾಲ್ಕೇ: ಬಾರ್ಲಿ, ಹಾಪ್ಸ್ ಎಂಬ ಬಳ್ಳಿಯ ಹೂ, ಯೀಸ್ಟ್ ಮತ್ತು ನೀರು. ನಮ್ಮಲ್ಲಿ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುವಂತೆಯೇ ಅಲ್ಲಿ ಬಾರ್ಲಿಯನ್ನು ಮಾಲ್ಟ್ ಮಾಡುತ್ತಾರೆ. ಅದನ್ನು ಬಿಸಿನೀರಿನಲ್ಲಿ ನೆನೆಸಿದಾಗ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರಿಗೆ ಹಾಪ್ಸ್ ಹಾಕಿ ಕುದಿಸಿದರೆ ಕಹಿ ಮತ್ತು ಪರಿಮಳ ಬರುತ್ತವೆ. ಆರಿದ ಮೇಲೆ ಯೀಸ್ಟ್ ಬೆರೆಸಿದರೆ ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಗುಳ್ಳೆಗಳನ್ನೂ ಕೊಡುತ್ತದೆ. ಪಾತ್ರೆ ಸ್ವಲ್ಪ ಕೊಳಕಾಗಿದ್ದರೂ ಇಡೀ ಹಂಡೆ ಹುಳಿಯಾಗುವುದುಂಟು. ಹೊಸಬರ ಮೊದಲ ಪಾಠ ರುಚಿಯದಲ್ಲ, ಶುಚಿಯದು.

ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತವರು ಫ್ರಿಟ್ಜ್ ಮೇಟ್ಯಾಗ್. ಬಟ್ಟೆ ಒಗೆಯುವ ಯಂತ್ರಗಳಿಗೆ ಹೆಸರಾದ ಮನೆತನದ ಈ ಯುವಕ 1965ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ‘ಆ್ಯಂಕರ್’ ಬ್ರುವರಿಯ ಬಹುಪಾಲನ್ನು ಕೊಂಡರು. ಅದು ಮುಚ್ಚುವ ಹಂತದಲ್ಲಿತ್ತು. ಬಿಯರ್ ಆಗಾಗ ಹುಳಿಯಾಗುತ್ತಿತ್ತು. ಬ್ರುವರಿಯ ಗಂಧಗಾಳಿ ಇಲ್ಲದ ಅವರು ಒಂದೊಂದನ್ನೇ ಕಲಿತು ಅದನ್ನು ಉಳಿಸಿದರು.

ನೌಕಾಪಡೆಯ ಕೆಲಸದ ಮೇಲೆ ಸ್ಕಾಟ್ಲೆಂಡಿನಲ್ಲಿದ್ದ ಜಾಕ್ ಮೆಕಾಲಿಫ್ ಅಲ್ಲಿನ ಗಾಢ ರುಚಿಯ ಏಲ್‌ಗಳಿಗೆ ಮನಸೋತರು. ಊರಿಗೆ ಮರಳಿದಾಗ ಅವು ಸಿಗಲಿಲ್ಲ. ಸಿಗದಿದ್ದರೆ ಮಾಡಿಕೊಳ್ಳುವುದೇ ಸೈ ಎಂದು ಹೈನು ಉದ್ಯಮದ ಹಳೆಯ ಸಲಕರಣೆಗಳನ್ನು ಜೋಡಿಸಿ 1976ರಲ್ಲಿ ಸೊನೋಮಾದಲ್ಲಿ ‘ನ್ಯೂ ಆಲ್ಬಿಯನ್’ ಕಟ್ಟಿದರು. ವಿಸ್ತರಣೆಗೆ ಬಂಡವಾಳ ಹುಟ್ಟದೆ 1982ರಲ್ಲಿ ಅದು ಮುಚ್ಚಿತು. ಆದರೆ ಅದನ್ನು ಕಣ್ಣಾರೆ ಕಂಡುಹೋಗಿದ್ದ ಕೆನ್ ಗ್ರಾಸ್‌ಮನ್ ಎಂಬ ಮನೆ-ಬಿಯರ್ ಹವ್ಯಾಸಿ, ಪಾಲುದಾರನೊಡನೆ ಸೇರಿ ಚಿಕೋ ಪಟ್ಟಣದಲ್ಲಿ ‘ಸಿಯೆರಾ ನೆವಾಡಾ’ ಆರಂಭಿಸಿ 1980ರಲ್ಲಿ ಮೊದಲ ಬಿಯರ್ ಬೇಯಿಸಿದರು. ಅದು ದೇಶದ ದೊಡ್ಡ ಕ್ರಾಫ್ಟ್ ಬ್ರುವರಿಗಳಲ್ಲೊಂದಾಗಿ ಬೆಳೆಯಿತು.

ಹೊಸಬರಿಗೆ ಧೈರ್ಯ ತುಂಬಿದವರು ಬೌಲ್ಡರ್‌ನ ಶಾಲಾ ಶಿಕ್ಷಕ ಚಾರ್ಲಿ ಪಪೇಜಿಯನ್. 1978ರಲ್ಲೇ ಮನೆ-ಬಿಯರ್ ತಯಾರಕರ ಸಂಘ ಹುಟ್ಟುಹಾಕಿದ ಇವರು 1984ರಲ್ಲಿ ಬರೆದ ಕೈಪಿಡಿ ಸಾವಿರಾರು ಅಡುಗೆಮನೆಗಳನ್ನು ಹೊಕ್ಕಿತು. ಆದರೂ ಎಲ್ಲ ರಾಜ್ಯಗಳು ಒಪ್ಪಲು ಬಹುಕಾಲ ಹಿಡಿಯಿತು. ಕೊನೆಯಲ್ಲಿ ಉಳಿದ ಮಿಸಿಸಿಪ್ಪಿ, ಅಲಬಾಮಾ ಮಣಿದದ್ದು 2013ರಲ್ಲಿ.

ಗೆಲುವು ಮತ್ತು ಎಚ್ಚರಿಕೆ

2023ರ ವೇಳೆಗೆ ಅಮೆರಿಕದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಬ್ರುವರಿಗಳಿದ್ದವು. ಅದೇ ವರ್ಷ ಆ್ಯಂಕರ್ ಬಾಗಿಲು ಹಾಕಿತು! 2017ರಲ್ಲಿ ಅದನ್ನು ಜಪಾನಿನ ಸಪ್ಪೊರೊ ಕಂಪೆನಿ ಕೊಂಡಿತ್ತು. ಮರುವರ್ಷ ಹೊಸ ಒಡೆಯರು ಕೊಂಡರೆನ್ನುವುದು ನಿಜವಾದರೂ, ಹವ್ಯಾಸ ಕಟ್ಟಿದ್ದನ್ನು ಮಾರುಕಟ್ಟೆ ಸುಲಭವಾಗಿ ಕೆಡವಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

2010ರ ದಶಕದಲ್ಲಿ ಈ ಅಲೆ ಬೆಂಗಳೂರಿಗೂ ಬಂತು. ಇಂದಿರಾನಗರ, ಕೋರಮಂಗಲಗಳ ಮೈಕ್ರೊಬ್ರುವರಿಗಳು ಯುವಜನರಿಗೆ ಹೊಸ ರುಚಿ ಹಿಡಿಸಿವೆ. ಆದರೆ ಒಂದು ವ್ಯತ್ಯಾಸವಿದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಅಮೆರಿಕದಲ್ಲಿ ಹೊಸಬ ಮೊದಲು ಪಾತ್ರೆ ತೊಳೆದ, ಬಳಿಕ ಲೋಟ ಹಿಡಿದ. ಇಲ್ಲಿ ಆತ ಲೋಟ ಹಿಡಿದು, ಬಿಲ್ಲು ಕಟ್ಟಿ ಎದ್ದುಬರುತ್ತಾನೆ. ಮದ್ಯ ಒಡ್ಡುವ ಸಂಕಟಗಳನ್ನು ಕಂಡ ಸಮಾಜ ಬಿಗಿ ಹಿಡಿಯುವುದರಲ್ಲಿ ಅರ್ಥವಿದೆ. ಆದರೆ ಅಡುಗೆಮನೆಯಲ್ಲಿ ಹುಟ್ಟಿದ ಕಸುಬೊಂದು ನಮ್ಮಲ್ಲಿಗೆ ಬರುವಾಗ ಆ ಅಡುಗೆಮನೆಯನ್ನು ಅಲ್ಲಿಯೇ ಬಿಟ್ಟು ಬಂದಿದೆ ಎಂಬುದೂ ಅಷ್ಟೇ ನಿಜ.