ಹಿಂಜವಾಡಿಯ ರಸ್ತೆಗಳಲ್ಲಿ ನೋಂದಣಿ ಫಲಕದ ಚರಿತ್ರೆ

1893ರಲ್ಲಿ ಪ್ಯಾರಿಸ್ ಪೊಲೀಸರ ಆದೇಶದಿಂದ ಮೊದಲಾದ ವಾಹನ ಫಲಕದ ಪದ್ಧತಿಗೆ ಭಾರತದಲ್ಲಿ 1914ರ ಮೋಟಾರು ವಾಹನ ಕಾಯ್ದೆಯು ಶಾಸನದ ಬಲ ಕೊಟ್ಟಿತು. ಪುಣೆಯ ಪಶ್ಚಿಮಕ್ಕಿರುವ ಹಿಂಜವಾಡಿಯ ಐಟಿ ಪಾರ್ಕಿನ ಮುಂದೆ ಇಂದು ಅಕ್ಕಪಕ್ಕದಲ್ಲಿ ಸಾಗುವ ಎಂಎಚ್, ಕೆಎ ಸಂಕೇತಗಳು 1989ರ ನಂತರದವು. ಅದಕ್ಕೂ ಮುನ್ನ ಮೈಸೂರು ರಾಜ್ಯದ ವಾಹನಗಳು ಎಂವೈ ಮೊದಲಾದ ಅಕ್ಷರಗಳನ್ನು ಹೊತ್ತಿದ್ದವು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕಾರಿನ ಫಲಕದ ಪ್ರತಿ ಅಕ್ಷರವೂ 65 ಮಿ.ಮೀ. ಎತ್ತರ, 10 ಮಿ.ಮೀ. ದಪ್ಪ ಇರಬೇಕೆಂದು ವಿಧಿಸಿದರೂ, 8055 ಎಂಬ ಅಂಕಿಗಳನ್ನು ಇಂಗ್ಲಿಷಿನ ‘ಬಾಸ್’ ಪದದಂತೆ ತಿರುಚಿ ಬರೆಸುವ ಗೀಳು ಬೆಳೆಯಿತು. ಅಪಘಾತ ಮಾಡಿ ಓಡಿದ ವಾಹನವನ್ನು ಗುರುತಿಸಲು ಸಾಕ್ಷಿಗೆ ಇರುವ ಆಧಾರವೇ ಈ ಅಂಕಿಗಳಾದ್ದರಿಂದ, ಇದನ್ನು ಬರಿಯ ಶೋಕಿಯೆಂದು ಕಡೆಗಣಿಸುವುದು ಸರಿಯಲ್ಲ. ಆದರೂ ಇಂಥ ತಪ್ಪುಗಳಿಗೆ ಅನ್ವಯಿಸುವ, ಈಗಿನ ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನ ದಂಡ 2019ರ ತಿದ್ದುಪಡಿಯವರೆಗೆ ಮೊದಲ ಬಾರಿಗೆ 100 ರೂಪಾಯಿಯನ್ನು ಮೀರುತ್ತಿರಲಿಲ್ಲ. ತಿದ್ದುಪಡಿ ಅದನ್ನು 500ಕ್ಕೆ ಏರಿಸಿತು.

2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾದ ಅತಿ ಸುರಕ್ಷಿತ ಫಲಕ, ಅಂದರೆ ಅಶೋಕ ಚಕ್ರದ ಹೊಲೊಗ್ರಾಮ್, ಲೇಸರ್ ಕೊರೆದ ಕ್ರಮಸಂಖ್ಯೆ ಹಾಗೂ ಒಮ್ಮೆ ಬಿಚ್ಚಿದರೆ ಮತ್ತೆ ಕೂಡದ ಬೀಗವುಳ್ಳ ಅಲ್ಯೂಮಿನಿಯಂ ಹಲಗೆ, ತಿರುಚುವಿಕೆಗೆ ದಾರಿಯನ್ನೇ ಕಿರಿದಾಗಿಸಿತು. ಹಳೆಯ ವಾಹನಗಳಿಗೂ ಇದನ್ನು ವಿಸ್ತರಿಸಿದ ಮಹಾರಾಷ್ಟ್ರವು 2025ರಲ್ಲಿ ಗಡುವನ್ನು ಹಲವು ಬಾರಿ ಮುಂದೂಡಿತು. ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದ ಉದ್ಯೋಗಿಗೆ ಮತ್ತೊಂದು ಹೊಣೆಯೂ ಉಂಟು: ಅದೇ ಕಾಯ್ದೆಯ 47ನೇ ಕಲಮಿನಂತೆ, ಹೊರರಾಜ್ಯದ ವಾಹನ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಉಳಿದರೆ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಸಲ್ಲಿಸಬೇಕು.