ಜೇನುನುಸಿ: ಬಂಡೀಪುರದ ಸೀಮೆಯಿಂದ ಒಂದು ಚರಿತ್ರೆ

ಜೇನುನೊಣಗಳ ಮೈಮೇಲೂ ಅವುಗಳ ಮರಿಗಳಿರುವ ಕಣಗಳೊಳಗೂ ಬದುಕುವ, ಎಂಟು ಕಾಲಿನ ಅತಿ ಸಣ್ಣ ಪರೋಪಜೀವಿಗಳೇ ಜೇನುನುಸಿಗಳು. ಇವು ಕೀಟಗಳಲ್ಲ, ಉಣ್ಣೆ ಮತ್ತು ಜೇಡಗಳ ಬಳಗದವು. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ರೈತರಿಗೆ ನುಸಿ ಎಂದೊಡನೆ ನೆನಪಾಗುವುದು 1990ರ ದಶಕದ ಕೊನೆಗೆ ತೆಂಗಿಗೆ ಬಡಿದ ಪೀಡೆ. ಅದು ಹೊರಗಿನಿಂದ ಬಂದದ್ದು. ಜೇನಿನ ನುಸಿಯ ಕಥೆ ಇದಕ್ಕೆ ತಿರುವುಮುರುವು: ಅದು ಏಷ್ಯಾದ ಕಾಡುಗಳದೇ. ಹೊರಗಿನಿಂದ ಬಂದದ್ದು ಅದಕ್ಕೆ ಬಲಿಯಾಗುವ ಜೇನು.

ಬಂಡೀಪುರದ ಕಾಡಿನಲ್ಲಿ ಸೋಲಿಗರೂ ಜೇನುಕುರುಬರೂ ತಲೆಮಾರುಗಳಿಂದ ಬಲ್ಲ ಜೇನುಗಳು ನಾಲ್ಕು: ಹೆಜ್ಜೇನು, ತುಡುವೆ, ಕಡ್ಡಿಜೇನು (ಕೋಲುಜೇನು) ಮತ್ತು ಚುಚ್ಚದ ನೆಸರೆ. ಮೊದಲ ಮೂರಕ್ಕೂ ತಮ್ಮತಮ್ಮದೇ ನುಸಿಗಳುಂಟು.

ಹೆಜ್ಜೇನಿನ ನುಸಿಯ ಹೆಸರು ಟ್ರೋಪಿಲೀಲ್ಯಾಪ್ಸ್. ಉದ್ದ ಸುಮಾರು ಒಂದು ಮಿಲಿಮೀಟರ್. ಎರಿಯ ಮೇಲೆ ಸರಸರನೆ ಓಡುತ್ತದೆ. 1961ರಲ್ಲಿ ಡೆಲ್ಫಿನಾಡೊ ಮತ್ತು ಬೇಕರ್ ಎಂಬ ವಿಜ್ಞಾನಿಗಳು ಫಿಲಿಪೀನ್ಸಿನ ಮಾದರಿಗಳನ್ನು ನೋಡಿ ಇದನ್ನು ಮೊದಲು ವರ್ಣಿಸಿದರು. ಆ ಮಾದರಿಗಳು ಸಿಕ್ಕಿದ್ದು ಸತ್ತ ಸಾಕುಜೇನುಗಳ ಮೇಲೆ ಮತ್ತು, ವಿಚಿತ್ರವೆಂದರೆ, ಜೇನುಗೂಡುಗಳ ಬಳಿ ಓಡಾಡುತ್ತಿದ್ದ ಹೊಲದ ಇಲಿಗಳ ಮೇಲೆ! ಅದರ ನಿಜವಾದ ಮನೆ ಹೆಜ್ಜೇನಿನ ಎರಿ ಎಂಬುದು ಖಚಿತವಾದದ್ದು 1968ರ ಹೊತ್ತಿಗೆ. 2007ರಲ್ಲಿ ಆಂಡರ್ಸನ್ ಮತ್ತು ಮಾರ್ಗನ್ ವಂಶವಾಹಿಗಳನ್ನು ಪರೀಕ್ಷಿಸಿ, ಭಾರತವೂ ಸೇರಿದ ಏಷ್ಯಾದ ಮುಖ್ಯ ಭೂಭಾಗದ ನುಸಿ ಬೇರೆಯದೇ ಜಾತಿ ಎಂದು ತೋರಿಸಿ ಅದಕ್ಕೆ ಮರ್ಸಿಡೆಸೆ ಎಂದು ಹೆಸರಿಟ್ಟರು. ಫಿಲಿಪೀನ್ಸಿನ ನುಸಿಗೆ ಮೊದಲು ಇಟ್ಟಿದ್ದ, ಹಳೆಯ ಭಾರತೀಯ ಬರಹಗಳಲ್ಲೂ ಕಾಣುವ ‘ಕ್ಲಾರಿಯೆ’ ಎಂಬ ಹೆಸರನ್ನು ಈಗ ಎಚ್ಚರದಿಂದ ಓದಬೇಕು.

ಈ ನುಸಿಗೆ ಒಂದು ದೊಡ್ಡ ದೌರ್ಬಲ್ಯವಿದೆ. ಅದರ ಬಾಯಿ ಬಲಿತ ನೊಣದ ಗಟ್ಟಿ ಮೈಯನ್ನು ತೂರಲಾರದು; ಮೆತ್ತಗಿನ ಮರಿ ಸಿಗದಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಹೆಜ್ಜೇನೋ ಹುಟ್ಟಾ ಅಲೆಮಾರಿ. ಹೂವಿನ ಕಾಲದಲ್ಲಿ ಎತ್ತರದ ಮರದ ಕೊಂಬೆಗೋ ಬಂಡೆಯ ಚಾಚಿಗೋ ಒಂದೇ ಒಂದು ದೊಡ್ಡ ಎರಿ ಕಟ್ಟಿ, ಹೂವು ಮುಗಿದೊಡನೆ ಅದನ್ನು ಬಿಟ್ಟು ದೂರದ ಸೀಮೆಗೆ ಹಾರಿಹೋಗುತ್ತದೆ. ಹಾದಿಯಲ್ಲಿ ತಂಗುವ ನೊಣಗಳ ಗುಂಪಿಗೆ ಎರಿಯೂ ಇಲ್ಲ, ಮರಿಯೂ ಇಲ್ಲ. ಜೊತೆಗೆ ಹೊರಟ ನುಸಿಗಳಲ್ಲಿ ಬಹುಪಾಲು ಉಪವಾಸದಿಂದಲೇ ಸಾಯುತ್ತವೆ. ಒಂದೇ ಮರಕ್ಕೆ ವರ್ಷ ವರ್ಷವೂ ಹೆಜ್ಜೇನು ಬಂದರೂ ಎರಿ ಹೊಸದು, ಮರಿ ಹೊಸದು.

ತುಡುವೆಯದು ಬೇರೆ ಉಪಾಯ. ಅದನ್ನು ಕಾಡುವ ವರೋವಾ ನುಸಿ ಏಡಿಯಂತೆ ಅಗಲ, ಬಣ್ಣ ಕೆಂಗಂದು. 1904ರಲ್ಲಿ ಡಚ್ ವಿಜ್ಞಾನಿ ಔಡೆಮನ್ಸ್ ಜಾವಾ ದ್ವೀಪದ ತುಡುವೆಯಲ್ಲಿ ಸಿಕ್ಕ ನುಸಿಗೆ ವರೋವಾ ಜೇಕಬ್ಸೋನಿ ಎಂದು ಹೆಸರಿಟ್ಟ. ಭಾರತದ ತುಡುವೆಯಲ್ಲಿ ಅದು ಇರುವುದನ್ನು ಫಡ್ಕೆ, ಬಿಷ್ಟ್ ಮತ್ತು ಸಿನ್ಹಾ 1966ರಲ್ಲಿ ದಾಖಲಿಸಿದರು. ತುಡುವೆ ಕುಟುಂಬದಲ್ಲಿ ವರೋವಾ ಸಂತಾನ ಬೆಳೆಸುವುದು ಹೆಚ್ಚುಕಡಿಮೆ ಗಂಡುನೊಣದ ಕಣಗಳಲ್ಲಿ ಮಾತ್ರ, ಅದೂ ಗಂಡುಮರಿಗಳಿರುವ ಕಾಲದಲ್ಲಿ ಮಾತ್ರ. ಕೆಲಸಗಾರ ನೊಣಗಳು ಒಂದರ ಮೈಯನ್ನೊಂದು ಕೆದಕಿ ನುಸಿಯನ್ನು ಕಚ್ಚಿ ಎಸೆಯುತ್ತವೆ. ನುಸಿ ಹೊಕ್ಕು ಬಲಗೆಟ್ಟ ಗಂಡುಮರಿ ಕಣದ ಗಟ್ಟಿ ಮುಚ್ಚಳ ಒಡೆಯಲಾರದೆ, ಒಳಗಿನ ನುಸಿಗಳೊಂದಿಗೇ ಸಮಾಧಿಯಾಗುತ್ತದೆ. ಕಡ್ಡಿಜೇನಿನ ಯೂವರೋವಾ 1974ರಲ್ಲಿ ಭಾರತದ ಮಾದರಿಗಳಿಂದಲೇ ವಿಜ್ಞಾನಕ್ಕೆ ಪರಿಚಯವಾಯಿತು. ಅದರಿಂದ ಕುಟುಂಬಕ್ಕೆ ದೊಡ್ಡ ಹಾನಿಯಿಲ್ಲ.

ಜೇನು ಮತ್ತು ನುಸಿಗಳ ನಡುವಿನ ಈ ಒಪ್ಪಂದ ಮುರಿದದ್ದು ಮನುಷ್ಯ ಪೆಟ್ಟಿಗೆ ಹೊತ್ತು ತಿರುಗಿದಾಗ. ಯುರೋಪಿನ ಜೇನಾದ ಮೆಲ್ಲಿಫೆರಾವನ್ನು ಪೂರ್ವ ಏಷ್ಯಾಕ್ಕೆ ಒಯ್ದು ಸಾಕಿದಾಗ ಅಲ್ಲಿಯ ವರೋವಾ ಅದಕ್ಕೆ ದಾಟಿಕೊಂಡಿತು. 1970ರ ದಶಕದಲ್ಲಿ ಯುರೋಪ್, 1987ರಲ್ಲಿ ಅಮೆರಿಕ ಅದರ ಪಾಲಾದವು. ಹೀಗೆ ಹಬ್ಬಿದ್ದು ಜೇಕಬ್ಸೋನಿ ಅಲ್ಲ, ಬೇರೆ ಜಾತಿ ಎಂದು ಆಂಡರ್ಸನ್ ಮತ್ತು ಟ್ರೂಮನ್ 2000ದಲ್ಲಿ ಗುರುತಿಸಿ, ವರೋವಾ ಡಿಸ್ಟ್ರಕ್ಟರ್ ಎಂದು ಕರೆದರು. ಅಂದರೆ ಜಗತ್ತು ದಶಕಗಳ ಕಾಲ ತಪ್ಪು ಹೆಸರಿನ ಶತ್ರುವಿನೊಡನೆ ಹೋರಾಡಿತ್ತು.

ಭಾರತದಲ್ಲಿ ಮೆಲ್ಲಿಫೆರಾ ನೆಲೆಯೂರಿದ್ದು 1960ರ ದಶಕದ ಆರಂಭದಲ್ಲಿ, ಹಿಮಾಲಯದ ತಪ್ಪಲಿನ ನಗ್ರೋಟಾ ಬಗ್ವಾನ್‌ನಲ್ಲಿ ವಿಜ್ಞಾನಿ ಅತ್ವಾಲ್ ಮತ್ತು ಸಂಗಡಿಗರ ಪ್ರಯತ್ನದಿಂದ. ದಶಕ ತುಂಬುವುದರೊಳಗೆ ಹೆಜ್ಜೇನಿನ ನುಸಿ ಆ ಪೆಟ್ಟಿಗೆಗಳಿಗೆ ಹತ್ತಿತ್ತು; 1971ರಲ್ಲಿ ಅತ್ವಾಲ್ ಮತ್ತು ಗೋಯಲ್ ಅದರ ಹಾವಳಿ ಹಾಗೂ ಹತೋಟಿಯ ಬಗ್ಗೆ ಬರೆದರು. ಕರ್ನಾಟಕಕ್ಕೆ ಮೆಲ್ಲಿಫೆರಾ ಹೆಚ್ಚಾಗಿ ಬಂದದ್ದರ ಹಿಂದೆ ಇನ್ನೊಂದು ದುರಂತವಿದೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ದಕ್ಷಿಣ ಭಾರತದ ಸಾಕು ತುಡುವೆಗಳನ್ನು ಬಹುಪಾಲು ಅಳಿಸಿತು. ಕೊಡಗಿನಲ್ಲಿ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಅದು ನುಸಿಯ ಕೆಲಸವಲ್ಲ. ಆದರೆ ತೆರವಾದ ಜಾಗಕ್ಕೆ ಬಯಲುಸೀಮೆಯಲ್ಲಿ ಮೆಲ್ಲಿಫೆರಾ ಬಂತು, ನುಸಿಗೆ ಹೊಸ ಮನೆ ಸಿಕ್ಕಿತು. ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲಗಳು ಇಂಥ ಜೇನಿಗೆ ಹೇಳಿಮಾಡಿಸಿದ ಮೇವು. ಆದರೆ ಕಾಡಂಚಿನ ಹೂವಿಗೆ ಹೆಜ್ಜೇನೂ ಬರುತ್ತದೆ, ಹೆಜ್ಜೇನು ಇರುವ ಕಡೆ ಪೆಟ್ಟಿಗೆಗೆ ಟ್ರೋಪಿಲೀಲ್ಯಾಪ್ಸ್ ಹತ್ತುವ ಅಪಾಯವೂ ಇದ್ದೇ ಇದೆ.

ಮೆಲ್ಲಿಫೆರಾ ಪೆಟ್ಟಿಗೆಯಲ್ಲಿ ನುಸಿ ಮಾಡುವ ಅನಾಹುತ ಮೊದಮೊದಲು ಕಣ್ಣಿಗೆ ಬೀಳುವುದಿಲ್ಲ. ತಾಯಿನುಸಿ ಮೇಣದ ಮುಚ್ಚಳ ಬೀಳುವ ಮುನ್ನ ಕಣದೊಳಗೆ ನುಸುಳಿ ಮೊಟ್ಟೆಯಿಡುತ್ತದೆ. ಮರಿಯ ಸತ್ವ ಹೀರಿ ಅದರ ಸಂತಾನ ಬೆಳೆಯುತ್ತದೆ. ತುಡುವೆಯಲ್ಲಿ ಗಂಡುಕಣಕ್ಕೆ ಸೀಮಿತವಾಗಿದ್ದ ವರೋವಾ ಇಲ್ಲಿ ಕೆಲಸಗಾರ ನೊಣಗಳ ಕಣಕ್ಕೂ ಕೈಹಾಕುತ್ತದೆ. ಹೀರುವುದಕ್ಕಿಂತ ದೊಡ್ಡ ಕೇಡು ಅದು ಹರಡುವ ವೈರಸ್. ಅದರಿಂದ ರೆಕ್ಕೆ ಮುರುಟಿದ, ಹೊಟ್ಟೆ ಕುಗ್ಗಿದ ನೊಣಗಳು ಪೆಟ್ಟಿಗೆಯ ಬಾಗಿಲಲ್ಲಿ ತೆವಳತೊಡಗುತ್ತವೆ. ಮರಿಗಳ ಎರಿ ಅಲ್ಲಲ್ಲಿ ತೂತುಬಿದ್ದಂತೆ ಕಾಣುತ್ತದೆ. ಕೊನೆಗೆ ಕುಟುಂಬ ಸಾಯುತ್ತದೆ, ಇಲ್ಲವೇ ಗೂಡು ಬಿಟ್ಟು ಹೋಗುತ್ತದೆ. ಎರಡೂ ನುಸಿಗಳು ಒಂದೇ ಪೆಟ್ಟಿಗೆಯಲ್ಲಿದ್ದರೆ ಟ್ರೋಪಿಲೀಲ್ಯಾಪ್ಸ್‌ನದೇ ಮೇಲುಗೈ: ನೊಣದ ಮೈಮೇಲೆ ಕಾಲ ಕಳೆಯದೆ ಬೇಗನೆ ಮತ್ತೊಂದು ಕಣ ಹೊಕ್ಕು ವೇಗವಾಗಿ ಹೆಚ್ಚುತ್ತದೆ.

ಹತೋಟಿಗೆ ಚೌಕಟ್ಟುಗಳ ಮೇಲ್ಪಟ್ಟಿಗೆ ಗಂಧಕದ ಪುಡಿ ಉದುರಿಸುವುದು, ಫಾರ್ಮಿಕ್ ಆಮ್ಲದ ಆವಿ, ಥೈಮಾಲ್, ಗಂಡುಮರಿಗಳ ಎರಿ ಕತ್ತರಿಸುವುದು ಬಳಕೆಯಲ್ಲಿವೆ. ಒಂದೇ ರಾಸಾಯನಿಕವನ್ನು ನೆಚ್ಚಿದ ಕಡೆ ನುಸಿಗೆ ಅದು ಒಗ್ಗಿಹೋಗಿದೆ. ಹೆಚ್ಚು ಜಾಣತನದ್ದೆನಿಸುವುದು ರಾಣಿಯನ್ನು ಕೆಲಕಾಲ ಪಂಜರದಲ್ಲಿಟ್ಟು ಮೊಟ್ಟೆ ತಪ್ಪಿಸುವ ಉಪಾಯ. ಮರಿಯಿಲ್ಲದ ಆ ದಿನಗಳಲ್ಲಿ ಟ್ರೋಪಿಲೀಲ್ಯಾಪ್ಸ್ ಹಸಿದು ಸಾಯುತ್ತದೆ. ಹೆಜ್ಜೇನು ವಲಸೆಯಲ್ಲಿ ಸಾಧಿಸುವುದೂ ಇದನ್ನೇ.

ಇತ್ತ ನುಸಿಗಳು ಹಬ್ಬುವುದು ಇನ್ನೂ ನಿಂತಿಲ್ಲ. ವರೋವಾ ಮುಟ್ಟದೆ ಉಳಿದಿದ್ದ ದೊಡ್ಡ ಜೇನುಸಾಕಣೆಯ ದೇಶ ಆಸ್ಟ್ರೇಲಿಯಾ. 2022ರ ಜೂನ್‌ನಲ್ಲಿ ನ್ಯೂಕ್ಯಾಸಲ್ ಬಂದರಿನಲ್ಲಿ ಅದು ಪತ್ತೆಯಾಯಿತು. ಬೇರುಸಹಿತ ಕೀಳುವ ಯತ್ನವನ್ನು 2023ರಲ್ಲಿ ಕೈಬಿಡಲಾಯಿತು. ಟ್ರೋಪಿಲೀಲ್ಯಾಪ್ಸ್ ಮಾತ್ರ, ಚಳಿಗಾಲದಲ್ಲಿ ರಾಣಿ ಮೊಟ್ಟೆ ನಿಲ್ಲಿಸುವ ದೇಶಗಳಲ್ಲಿ ಉಳಿಯಲಾರದು ಎಂಬ ಎಣಿಕೆ ಬಹುಕಾಲ ಇತ್ತು. 2024ರಲ್ಲಿ ರಷ್ಯಾದ ದಕ್ಷಿಣ ಭಾಗದಲ್ಲೂ ಜಾರ್ಜಿಯಾ ದೇಶದಲ್ಲೂ ಅದು ಇರುವುದು ದೃಢಪಟ್ಟ ಮೇಲೆ ಯುರೋಪಿನ ಜೇನುಸಾಕಣೆದಾರರು ಆ ಎಣಿಕೆಯನ್ನು ಮರುಪರಿಶೀಲಿಸುತ್ತಿದ್ದಾರೆ.