ಕಾಂಗೋ ವಸಾಹತು ಮತ್ತು ಬೆಲ್ಜಿಯಂನ ಆತ್ಮಾವಲೋಕನ

ಮಧ್ಯ ಆಫ್ರಿಕದ ಕಾಂಗೋ 1885ರಿಂದ 1908ರವರೆಗೆ ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡನ ಖಾಸಗಿ ಸ್ವತ್ತಾಗಿತ್ತು. ಅಲ್ಲಿಂದ 1960ರವರೆಗೆ ಬೆಲ್ಜಿಯಂ ದೇಶದ ವಸಾಹತಾಗಿತ್ತು. ಈ ಮುಕ್ಕಾಲು ಶತಮಾನದಲ್ಲಿ ನಡೆದ ಕೊಲೆ, ಸುಲಿಗೆ, ಬಿಟ್ಟಿ ದುಡಿಮೆಗಳನ್ನು ಬೆಲ್ಜಿಯಂ ಬಹುಕಾಲ ನಾಗರಿಕತೆಯ ಸೇವೆಯೆಂದೇ ಹೇಳಿಕೊಂಡಿತು. 20ನೆಯ ಶತಮಾನದ ಕೊನೆಯಿಂದೀಚೆಗೆ ತಪ್ಪುಗಳನ್ನು ಒಂದೊಂದಾಗಿ ಒಪ್ಪಿಕೊಳ್ಳುತ್ತ ಬಂದಿದೆ. ಬಿಡಿ ಪ್ರಕರಣಗಳಲ್ಲಿ ಕ್ಷಮೆ ಕೇಳಿದರೂ, ಇಡೀ ಆಳ್ವಿಕೆಯ ಮಾತು ಬಂದಾಗ ವಿಷಾದ ಸೂಚಿಸುವಲ್ಲಿಗೇ ನಿಂತಿದೆ.

ಹಿನ್ನೆಲೆ

ಆಫ್ರಿಕವನ್ನು ಹಂಚಿಕೊಳ್ಳಲು ಯುರೋಪಿನ ರಾಷ್ಟ್ರಗಳು ಬರ್ಲಿನ್‌ನಲ್ಲಿ 1884–85ರಲ್ಲಿ ನಡೆಸಿದ ಸಮ್ಮೇಳನದ ಹೊತ್ತಿಗೆ ಲಿಯೊಪೋಲ್ಡ್ ಕಾಂಗೋ ಮೇಲಿನ ತನ್ನ ಹಕ್ಕಿಗೆ ಮನ್ನಣೆ ಗಳಿಸಿಕೊಂಡ. ಬೆಲ್ಜಿಯಂಗಿಂತ ಸುಮಾರು 75 ಪಟ್ಟು ದೊಡ್ಡದಾದ ಆ ನೆಲಕ್ಕೆ 'ಕಾಂಗೋ ಸ್ವತಂತ್ರ ರಾಜ್ಯ' ಎಂದು ಹೆಸರಿಟ್ಟ. ತಾನು ಒಮ್ಮೆಯೂ ಅಲ್ಲಿಗೆ ಕಾಲಿಡಲಿಲ್ಲ. ಮೊದಲು ಆನೆದಂತ, ಗಾಳಿ ತುಂಬುವ ಟೈರು ಬಳಕೆಗೆ ಬಂದಮೇಲೆ ಕಾಡುಬಳ್ಳಿಯ ರಬ್ಬರು ಅಲ್ಲಿನ ಮುಖ್ಯ ಆದಾಯವಾದವು. ಪ್ರತಿ ಹಳ್ಳಿಯೂ ಇಂತಿಷ್ಟು ರಬ್ಬರು ತಂದೊಪ್ಪಿಸಬೇಕಿತ್ತು. ತಪ್ಪಿದರೆ ಹೆಂಗಸರನ್ನು ಒತ್ತೆ ಹಿಡಿಯುತ್ತಿದ್ದರು, ಊರು ಸುಡುತ್ತಿದ್ದರು. ಗುಂಡು ಪೋಲಾಗಿಲ್ಲವೆಂದು ತೋರಿಸಲು ಸತ್ತವರ ಬಲಗೈ ಕತ್ತರಿಸಿ ತರಬೇಕೆಂಬ ಲೆಕ್ಕ 'ಫೋರ್ಸ್ ಪಬ್ಲಿಕ್' ಎಂಬ ವಸಾಹತು ಸೈನ್ಯದಲ್ಲಿತ್ತು. ಲೆಕ್ಕ ಸರಿಹೊಂದಿಸಲು ಬದುಕಿದ್ದವರ ಕೈಗಳನ್ನೂ ಕಡಿದದ್ದುಂಟು.

ಕರಿಯ ಅಮೆರಿಕನ್ ಬರಹಗಾರ ಜಾರ್ಜ್ ವಾಷಿಂಗ್ಟನ್ ವಿಲಿಯಮ್ಸ್ 1890ರಲ್ಲೇ ದೊರೆಗೆ ಬಹಿರಂಗ ಪತ್ರ ಬರೆದು ಈ ಆಡಳಿತದ ಕ್ರೌರ್ಯವನ್ನು ಬಯಲಿಗೆಳೆದಿದ್ದ. ಬ್ರಿಟಿಷ್ ರಾಯಭಾರ ಅಧಿಕಾರಿ ರಾಜರ್ ಕೇಸ್‌ಮೆಂಟ್ 1904ರಲ್ಲಿ ಹೊರತಂದ ವರದಿ, ಪತ್ರಕರ್ತ ಇ. ಡಿ. ಮೊರೆಲ್ ಕಟ್ಟಿದ ಚಳವಳಿ, ಮಿಷನರಿ ಆಲಿಸ್ ಸೀಲಿ ಹ್ಯಾರಿಸ್ ತೆಗೆದ ಛಾಯಾಚಿತ್ರಗಳು ದೊರೆಯನ್ನು ಇಕ್ಕಟ್ಟಿಗೆ ಸಿಕ್ಕಿಸಿದವು. ಕೊನೆಗೆ 1908ರ ನವೆಂಬರಿನಲ್ಲಿ ಬೆಲ್ಜಿಯಂ ಸರ್ಕಾರ ಕಾಂಗೋವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಆ ಕಾಲದ ಜನಗಣತಿ ಇಲ್ಲದ ಕಾರಣ ಸಾವಿನ ಲೆಕ್ಕ ಇಂದಿಗೂ ಚರ್ಚೆಯಲ್ಲಿದೆ. ಕೊಲೆ, ಹಸಿವು, ರೋಗ, ಕುಸಿದ ಜನನಗಳಿಂದ ಜನಸಂಖ್ಯೆ ಸುಮಾರು ಒಂದು ಕೋಟಿ ಇಳಿಯಿತೆಂಬ ಅಂದಾಜನ್ನು ಕೆಲವು ಇತಿಹಾಸಕಾರರು ಒಪ್ಪುವುದಿಲ್ಲ.

ಮರೆವಿನ ಕಾಲ

ಕಾಂಗೋವನ್ನು ಬಿಟ್ಟುಕೊಡುವ ಮೊದಲು ಲಿಯೊಪೋಲ್ಡ್ ತನ್ನ ಆಡಳಿತದ ಕಡತಗಳನ್ನು ಸುಡಿಸಿದ. ಮುಂದಿನ ದಶಕಗಳಲ್ಲಿ ಅವನ ಪ್ರತಿಮೆಗಳು ಎದ್ದವು: ಬ್ರಸೆಲ್ಸ್‌ನಲ್ಲಿ 1926ರಲ್ಲಿ, ಒಸ್ಟೆಂಡ್‌ನಲ್ಲಿ 1931ರಲ್ಲಿ. ಒಸ್ಟೆಂಡ್ ಸ್ಮಾರಕದಲ್ಲಿ ದೊರೆಗೆ ಕೃತಜ್ಞತೆ ಸೂಚಿಸುವ ಕಾಂಗೋ ಜನರ ಮೂರ್ತಿಗಳೂ ಇವೆ. ಸ್ವಾತಂತ್ರ್ಯ ಪ್ರದಾನದ ದಿನವಾದ 30 ಜೂನ್ 1960ರಂದು ಕೂಡ ದೊರೆ ಬೌಡುವಿನ್ ತನ್ನ ಭಾಷಣದಲ್ಲಿ ಲಿಯೊಪೋಲ್ಡನ ಪ್ರತಿಭೆಯನ್ನು ಹೊಗಳಿದ. ಅದೇ ವೇದಿಕೆಯಲ್ಲಿ ಕಾಂಗೋದ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ವಸಾಹತು ಕಾಲದ ಅವಮಾನ, ಏಟು, ಬಿಟ್ಟಿ ದುಡಿಮೆಗಳನ್ನು ಎಣಿಸಿ ಹೇಳಿದರು. ಆ ಮಾತು ಬೆಲ್ಜಿಯಂನಲ್ಲಿ ದೊರೆಗೆ ಮಾಡಿದ ಅಪಚಾರವೆನಿಸಿತು.

ಮೌನ ಒಡೆಯಲು ಸುಮಾರು 40 ವರ್ಷ ಹಿಡಿಯಿತು. ಅಮೆರಿಕನ್ ಲೇಖಕ ಆಡಂ ಹಾಕ್‌ಶೀಲ್ಡ್ 1998ರಲ್ಲಿ ಲಿಯೊಪೋಲ್ಡ್ ಕಾಲದ ಬಗ್ಗೆ, ಬೆಲ್ಜಿಯಂನವರೇ ಆದ ಲುಡೊ ದೆ ವಿಟ್ಟೆ 1999ರಲ್ಲಿ ಲುಮುಂಬಾ ಕೊಲೆಯ ಬಗ್ಗೆ ಬರೆದ ಪುಸ್ತಕಗಳು ದೇಶವನ್ನು ಕಲಕಿದವು.

ಲುಮುಂಬಾ ಪ್ರಕರಣ

ಅಧಿಕಾರ ಕಳೆದುಕೊಂಡು ಸೆರೆಯಾಗಿದ್ದ ಲುಮುಂಬಾ ಅವರನ್ನು ಇಬ್ಬರು ಸಂಗಾತಿಗಳೊಂದಿಗೆ 17 ಜನವರಿ 1961ರಂದು ಕಾಂಗೋದ ಕಟಾಂಗಾ ಪ್ರಾಂತ್ಯದಲ್ಲಿ ಬೆಲ್ಜಿಯನ್ ಅಧಿಕಾರಿಗಳ ಎದುರಿನಲ್ಲೇ ಗುಂಡಿಕ್ಕಿ ಕೊಂದರು. ಬೆಲ್ಜಿಯನ್ ಪೊಲೀಸ್ ಅಧಿಕಾರಿಯೊಬ್ಬ ಶವವನ್ನು ತುಂಡರಿಸಿ ಆಮ್ಲದಲ್ಲಿ ಕರಗಿಸಿದ. ಅವರ ಹಲ್ಲೊಂದನ್ನು ತನ್ನ ಬಳಿ ಇರಿಸಿಕೊಂಡ. ಬೆಲ್ಜಿಯಂ ಸಂಸತ್ತಿನ ತನಿಖಾ ಸಮಿತಿ 2001ರಲ್ಲಿ, ಸಾವಿಗೆ ದಾರಿಮಾಡಿದ ಸಂದರ್ಭಕ್ಕೆ ಸರ್ಕಾರದ ಕೆಲವರು ನೈತಿಕವಾಗಿ ಹೊಣೆಗಾರರೆಂದು ಹೇಳಿತು. ವಿದೇಶಾಂಗ ಸಚಿವ ಲೂಯಿ ಮಿಶೆಲ್ 2002ರಲ್ಲಿ ಕ್ಷಮೆ ಕೇಳಿದರು. ಹಲ್ಲು ಲುಮುಂಬಾ ಮಕ್ಕಳ ಕೈಸೇರಿದ್ದು 20 ಜೂನ್ 2022ರಂದು. ಸುಡಲು ಹೂಳಲು ದೇಹವೇ ಸಿಗದ ಮನೆಯವರಿಗೆ ಉತ್ತರಕ್ರಿಯೆ ಮಾಡಲು ಉಳಿದಿದ್ದುದು ಅದೊಂದೇ.

ವಸ್ತುಸಂಗ್ರಹಾಲಯ ಮತ್ತು ಪ್ರತಿಮೆಗಳು

ಬ್ರಸೆಲ್ಸ್ ಬಳಿಯ ಟೆರ್ವ್ಯೂರನ್‌ನಲ್ಲಿ 1897ರ ಅಂತರರಾಷ್ಟ್ರೀಯ ಪ್ರದರ್ಶನಕ್ಕಾಗಿ 267 ಕಾಂಗೋ ಜನರನ್ನು ಕರೆತಂದು ನಕಲಿ ಹಳ್ಳಿಯಲ್ಲಿ ಕೂಡಿ ಪ್ರದರ್ಶಿಸಿದರು. ಅವರಲ್ಲಿ ಏಳು ಜನ ಅಲ್ಲೇ ಸತ್ತರು. ಆ ಪ್ರದರ್ಶನದಿಂದ ಬೆಳೆದ ವಸ್ತುಸಂಗ್ರಹಾಲಯ 1910ರಿಂದ ಈಗಿನ ಕಟ್ಟಡದಲ್ಲಿದ್ದು, ಒಂದು ಶತಮಾನ ವಸಾಹತಿನ ಗುಣಗಾನ ಮಾಡಿತು. ಐದು ವರ್ಷ ಮುಚ್ಚಿ ನವೀಕರಿಸಿ 2018ರ ಡಿಸೆಂಬರಿನಲ್ಲಿ ತೆರೆದಾಗ, ಕಾಂಗೋದಲ್ಲಿ ಸತ್ತ 1,508 ಬೆಲ್ಜಿಯನ್ನರ ಹೆಸರು ಕೆತ್ತಿದ ಹಳೆಯ ಗೋಡೆಯನ್ನು ಒಡೆಯಲಿಲ್ಲ. ಬದಲಿಗೆ, ಬೆಲ್ಜಿಯಂನಲ್ಲಿ ಸತ್ತ ಕಾಂಗೋ ಜನರ ಹೆಸರುಗಳು ನೆರಳಾಗಿ ಅದರ ಮೇಲೆ ಬೀಳುವಂತೆ ಕಾಂಗೋ ಕಲಾವಿದ ಫ್ರೆಡಿ ಸಿಂಬಾ ಕೃತಿಯೊಂದನ್ನು ಅಲ್ಲಿ ಅಳವಡಿಸಿದರು.

ಪ್ರತಿಮೆಗಳ ಕಥೆ ಬೀದಿಯಲ್ಲಿ ನಡೆಯಿತು. ಒಸ್ಟೆಂಡ್ ಸ್ಮಾರಕದ ಕಾಂಗೋ ಮೂರ್ತಿಯೊಂದರ ಕೈಯನ್ನು ಪ್ರತಿಭಟನಕಾರರು 2004ರಲ್ಲಿ ಕತ್ತರಿಸಿ, ರಬ್ಬರ್ ಕಾಲದ ಶಿಕ್ಷೆಯನ್ನು ನೆನಪಿಸಿದರು. ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ಎದ್ದ ಅಲೆಯಲ್ಲಿ, 2020ರ ಜೂನಿನಲ್ಲಿ, ಆಂಟ್‌ವರ್ಪ್ ನಗರ ಲಿಯೊಪೋಲ್ಡನ ಒಂದು ಪ್ರತಿಮೆಯನ್ನು ತೆರವುಗೊಳಿಸಿತು. ಬ್ರಸೆಲ್ಸ್‌ನ ಅಶ್ವಾರೂಢ ಪ್ರತಿಮೆ ಉಳಿಯಿತು.

ವಿಷಾದವೋ ಕ್ಷಮೆಯೋ

ಕಾಂಗೋ ಸ್ವಾತಂತ್ರ್ಯದ 60ನೆಯ ವರ್ಷದಂದು ದೊರೆ ಫಿಲಿಪ್ ಅಲ್ಲಿನ ಅಧ್ಯಕ್ಷರಿಗೆ ಪತ್ರ ಬರೆದು ಹಿಂದಿನ ಗಾಯಗಳಿಗಾಗಿ ಆಳವಾದ ವಿಷಾದ ಸೂಚಿಸಿದರು. ಬೆಲ್ಜಿಯಂ ಸಿಂಹಾಸನದಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಕಾಂಗೋದ ರಾಜಧಾನಿ ಕಿನ್‌ಶಾಸಾಕ್ಕೆ 2022ರ ಜೂನಿನಲ್ಲಿ ಹೋದಾಗಲೂ ವಿಷಾದವೆಂದರೇ ಹೊರತು ಕ್ಷಮೆಯ ಮಾತಾಡಲಿಲ್ಲ. ಆಗ ಅವರು ಕೊಂಡೊಯ್ದ ಸುಕು ಜನಾಂಗದ ಕಾಕುಂಗು ಮುಖವಾಡವನ್ನೂ ಕೊಟ್ಟದ್ದು ಅನಿರ್ದಿಷ್ಟ ಅವಧಿಯ ಎರವಲಾಗಿ.

ಈ ತೂಕದ ಮಾತಿನ ಹಿಂದೆ ಲೆಕ್ಕಾಚಾರವಿತ್ತು. ಕ್ಷಮೆ ಕೇಳಿದರೆ ತಪ್ಪನ್ನು ಕಾನೂನಿನ ಕಣ್ಣಿನಲ್ಲೂ ಒಪ್ಪಿಕೊಂಡಂತೆ, ಆಮೇಲೆ ಪರಿಹಾರ ಕೇಳುವವರು ಬಂದಾರು ಎಂಬುದು ಹಲವು ಪಕ್ಷಗಳ ಅಂಜಿಕೆ. ಕಾಂಗೋ, ರುವಾಂಡಾ, ಬುರುಂಡಿಗಳ ವಸಾಹತು ಇತಿಹಾಸ ಪರಿಶೀಲಿಸಲು 2020ರಲ್ಲಿ ನೇಮಿಸಿದ ಸಂಸದೀಯ ಆಯೋಗ ಎರಡೂವರೆ ವರ್ಷ ಸಾಕ್ಷ್ಯ ಕೇಳಿ, ಕೊನೆಗೆ ಕ್ಷಮೆ ಎಂಬ ಒಂದು ಪದದ ಬಳಿ ಮುಗ್ಗರಿಸಿತು. ಒಮ್ಮತ ಮೂಡದೆ 2022ರ ಡಿಸೆಂಬರಿನಲ್ಲಿ ಬರಿಗೈಯಲ್ಲಿ ಮುಗಿಯಿತು.

ಮೆಟಿಸ್ ಮಕ್ಕಳು

ಬಿಳಿಯ ತಂದೆ, ಆಫ್ರಿಕನ್ ತಾಯಿಗೆ ಹುಟ್ಟಿದ ಸಾವಿರಾರು ಮಕ್ಕಳನ್ನು ವಸಾಹತು ಆಡಳಿತ ತಾಯಂದಿರಿಂದ ಕಿತ್ತು ಮಿಷನ್ ಅನಾಥಾಲಯಗಳಿಗೆ ಸೇರಿಸಿತ್ತು. ಇವರನ್ನು ಮೆಟಿಸ್ ಎನ್ನುತ್ತಾರೆ. ಪ್ರಧಾನಿ ಶಾರ್ಲ್ ಮಿಶೆಲ್ ಏಪ್ರಿಲ್ 2019ರಲ್ಲಿ ಸಂಸತ್ತಿನಲ್ಲಿ ಇವರ ಕ್ಷಮೆ ಕೇಳಿದರು. ಪರಿಹಾರದ ಮಾತು ಅದರಲ್ಲಿರಲಿಲ್ಲ. ಕಾಂಗೋದಲ್ಲಿ ಹುಟ್ಟಿದ ಇಂಥ ಐವರು ವೃದ್ಧೆಯರು ನ್ಯಾಯಾಲಯದ ಮೆಟ್ಟಿಲೇರಿದರು. ಮಕ್ಕಳನ್ನು ಹೀಗೆ ಕಿತ್ತುಕೊಂಡದ್ದು ಆ ಕಾಲಕ್ಕೆ ಅಪರಾಧವೆನಿಸಿರಲಿಲ್ಲ ಎಂದು ಕೆಳಗಿನ ನ್ಯಾಯಾಲಯ 2021ರಲ್ಲಿ ದಾವೆಯನ್ನು ತಳ್ಳಿಹಾಕಿತು. ಬ್ರಸೆಲ್ಸ್ ಮೇಲ್ಮನವಿ ನ್ಯಾಯಾಲಯ 2 ಡಿಸೆಂಬರ್ 2024ರಂದು ಆ ತೀರ್ಪನ್ನು ಬದಲಿಸಿ, ಏಳು ತುಂಬದ ಮಕ್ಕಳನ್ನು ಬಣ್ಣದ ಕಾರಣಕ್ಕೆ ಯೋಜಿತವಾಗಿ ಅಪಹರಿಸಿದ್ದು ಮಾನವತೆಯ ವಿರುದ್ಧದ ಅಪರಾಧವೆಂದು ಸಾರಿತು. ಐವರಿಗೂ ತಲಾ 50,000 ಯೂರೊ ಪರಿಹಾರ ಕೊಡುವಂತೆ ಬೆಲ್ಜಿಯಂ ಸರ್ಕಾರಕ್ಕೆ ಆಜ್ಞೆ ಮಾಡಿತು.